ಸೀಳಿದ ಸೆಳೆತದಿಂದಲೇ ಬೆಸುಗೆ

ದೀಪಾವಳಿ ಬಂತೆಂದರೆ ಹಾನಗಲ್ಲ, ಹಿರೇಕೆರೂರು, ಸವಣೂರು ಸೀಮೆಯಲ್ಲಿ ಹೋರಿ ಹಬ್ಬದ ಸಡಗರ. ಕೊಬ್ಬರಿ ಹಾರ ಹೊತ್ತು ಓಡುವ ಹೋರಿಯ ಬೆನ್ನು ಹತ್ತಿದವರು ಮುಗ್ಗರಿಸಿದರೆ ಮೊಣಕಾಲು ಊರಿ ಬೀಳುತ್ತಾರೆ. ಶಿಗ್ಗಾವಿಯ ಹೆದ್ದಾರಿಯಲ್ಲಿ ಬೈಕ್‌ನಿಂದ ಬಿದ್ದವರಿಗೂ, ಮಳೆಗಾಲದಲ್ಲಿ ಹೊಲದ ಬದುವಿನ ಮೇಲೆ ಜಾರಿದವರಿಗೂ ಪೆಟ್ಟು ಅಲ್ಲಿಗೇ. ಬಾತ ಮೊಣಕಾಲಿಗೆ ಎಣ್ಣೆ ತಿಕ್ಕಿ, ಬಿಗಿಯಾಗಿ ಪಟ್ಟಿ ಸುತ್ತಿ ದಿನ ನೂಕುವವರು ಇನ್ನೂ ಇದ್ದಾರೆ. ಚಿಪ್ಪು ಒಡೆದು ತುಂಡುಗಳು ಸರಿದಿದ್ದರೆ ಹಾಗೆ ಕಾಯುವುದರಿಂದ ನಷ್ಟವೇ ಹೆಚ್ಚು.

ಮೊಣಕಾಲ ಚಿಪ್ಪು ತೊಡೆಯ ಮುಂಭಾಗದ ಸ್ನಾಯುವಿನ ಕಂಡರದೊಳಗೇ ಹುದುಗಿರುವ ಎಲುಬು. ಬಾವಿಯ ಹಗ್ಗಕ್ಕೆ ರಾಟೆ ಒದಗಿದಂತೆ ಅದು ಸ್ನಾಯುವಿನ ಎಳೆತಕ್ಕೆ ಒದಗುತ್ತದೆ. 1937ರಲ್ಲಿ ಬ್ರಿಟನ್ನಿನ ವೈದ್ಯ ರಾಲ್ಫ್ ಬ್ರೂಕ್ ಈ ಎಲುಬಿನಿಂದ ಪ್ರಯೋಜನವಿಲ್ಲ, ಒಡೆದರೆ ತೆಗೆದುಹಾಕಬಹುದು ಎಂದು ವಾದಿಸಿದ್ದರು. ಮುಂದಿನ ಅಧ್ಯಯನಗಳು ಅದನ್ನು ಅಲ್ಲಗಳೆದವು. ಚಿಪ್ಪಿಲ್ಲದ ಕಾಲನ್ನು ಪೂರ್ತಿ ಚಾಚಲು ಸ್ನಾಯು ಸುಮಾರು ಶೇ. 30ರಷ್ಟು ಹೆಚ್ಚು ಬಲ ಹಾಕಬೇಕಾಗುತ್ತದೆ.

ಚಿಪ್ಪು ಅಡ್ಡಕ್ಕೆ ಒಡೆದರೆ ಮೇಲಿನ ತುಂಡನ್ನು ತೊಡೆಯ ಸ್ನಾಯು ಮೇಲಕ್ಕೆ ಎಳೆಯುತ್ತದೆ. ಕೆಳಗಿನ ತುಂಡು ಕಣಕಾಲಿನ ಎಲುಬಿಗೆ ಅಂಟಿಕೊಂಡೇ ಉಳಿಯುತ್ತದೆ. ನಡುವೆ ಬಿರುಕು ಬಾಯಿ ಬಿಡುತ್ತದೆ. ಹೊರಗಿನಿಂದ ಎಷ್ಟು ಬಿಗಿದು ಕಟ್ಟಿದರೂ ಆ ಎಳೆತ ನಿಲ್ಲುವುದಿಲ್ಲ. ತುಂಡುಗಳು ಸರಿಯದೆ, ಕಾಲು ಚಾಚುವ ಶಕ್ತಿ ಉಳಿದಿದ್ದರೆ ಕೆಲವು ವಾರಗಳ ಪಟ್ಟಿಯೇ ಸಾಕು. ಅಂತರ ಸುಮಾರು 3 ಮಿ.ಮೀ. ದಾಟಿದರೆ, ಅಥವಾ ಕೀಲಿನ ಮೇಲ್ಮೈಯಲ್ಲಿ 2 ಮಿ.ಮೀ.ಗಿಂತ ಹೆಚ್ಚು ಏರುತಗ್ಗಾದರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಕು.

1877ರಲ್ಲಿ ಲಂಡನ್ನಿನಲ್ಲಿ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ ಒಡೆದ ಚಿಪ್ಪನ್ನು ಬೆಳ್ಳಿ ತಂತಿಯಿಂದ ಹೊಲಿದರು. ಕೀಲನ್ನು ತೆರೆದರೆ ಕೀವಾಗಿ ಜೀವಕ್ಕೇ ಅಪಾಯ ಎಂದು ಎಲ್ಲರೂ ಹೆದರುತ್ತಿದ್ದ ಕಾಲವದು. ನಂಜುನಿರೋಧಕದ ಬಲದಿಂದ ಅವರು ಗೆದ್ದರು. ಇಪ್ಪತ್ತನೆಯ ಶತಮಾನದ ನಡುವಿನ ಹೊತ್ತಿಗೆ ಯುರೋಪಿನ ವೈದ್ಯರು ಇನ್ನೊಂದು ಹೆಜ್ಜೆ ಇಟ್ಟರು. ಚಿಪ್ಪಿನ ಮುಂಭಾಗದಲ್ಲಿ ಎಂಟರ ಆಕಾರಕ್ಕೆ ತಂತಿ ಬಿಗಿದರು. ಮೊಣಕಾಲು ಬಾಗಿದಾಗ ಮುಂಭಾಗ ತೆರೆದುಕೊಳ್ಳದಂತೆ ಈ ತಂತಿ ತಡೆಯುತ್ತದೆ, ಆಗ ತುಂಡುಗಳು ಹಿಂಭಾಗದಲ್ಲಿ ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಎಲುಬನ್ನು ಸೀಳಿದ ಸೆಳೆತವೇ ಅದನ್ನು ಬೆಸೆಯಲು ನೆರವಾಗುತ್ತದೆ. ಎಲುಬಿನ ವೈದ್ಯದಲ್ಲಿ ನನಗೆ ಇದಕ್ಕಿಂತ ಚೆಂದದ ಉಪಾಯ ಕಂಡಿಲ್ಲ.

ಅದೇ ಕೆಲಸವನ್ನು ಈಗ ಸಣ್ಣ ರಂಧ್ರಗಳ ಮೂಲಕ ಮಾಡಲು ಸಾಧ್ಯ. ತುಂಡುಗಳನ್ನು ಚರ್ಮದ ಹೊರಗಿನಿಂದಲೇ ಇಕ್ಕಳದಲ್ಲಿ ಹಿಡಿದು ಕೂಡಿಸುತ್ತಾರೆ. ಸಿ-ಆರ್ಮ್ ಎಕ್ಸ್‌ರೇ ಪರದೆಯ ಮೇಲೆ ನೋಡುತ್ತ ತೆಳು ತಂತಿಗಳನ್ನು ತೂರಿಸಿ, ಅವುಗಳ ಜಾಡಿನಲ್ಲೇ ಟೊಳ್ಳು ಸ್ಕ್ರೂ ತಿರುಗಿಸುತ್ತಾರೆ. ಆ ಟೊಳ್ಳಿನ ಮೂಲಕ ಬಿಗಿಯುವ ತಂತಿಯನ್ನೂ ಹಾಯಿಸಬಹುದು. ಕೀಲಿನೊಳಗೆ ನೋಡುವ ಆರ್ತ್ರೋಸ್ಕೋಪ್ ಎಂಬ ಕೊಳವೆ ಇಳಿಸಿದರೆ ಕೀಲಿನ ಮೇಲ್ಮೈ ಸಮವಾಗಿದೆಯೇ ಎಂದು ಕಣ್ಣಾರೆ ಕಾಣುತ್ತದೆ. ಚಿಪ್ಪಿನ ಮೇಲಿನ ಚರ್ಮ ಬಹಳ ತೆಳು. ಎಲುಬಿಗೆ ರಕ್ತ ಒಯ್ಯುವ ನಾಳಗಳು ಮುಂಭಾಗದಿಂದಲೂ ಕೆಳತುದಿಯಿಂದಲೂ ಒಳಸೇರುತ್ತವೆ. ದೊಡ್ಡ ಗಾಯ ತಪ್ಪಿದರೆ ಇವೆರಡಕ್ಕೂ ಪೆಟ್ಟು ಕಡಿಮೆ, ನೋವೂ ಕಡಿಮೆ. ಆದರೆ ಚಿಪ್ಪು ನುಚ್ಚುನೂರಾಗಿದ್ದರೆ, ಅಕ್ಕಪಕ್ಕದ ಪೊರೆ ಅಗಲಕ್ಕೆ ಹರಿದಿದ್ದರೆ ತೆರೆದೇ ಸರಿಪಡಿಸಬೇಕು.

ಹಾನಗಲ್ಲ, ಹಿರೇಕೆರೂರು, ಸವಣೂರು, ಶಿಗ್ಗಾವಿ ಈ ನಾಲ್ಕೂ ತಾಲ್ಲೂಕುಗಳಲ್ಲಿ ಸರ್ಕಾರಿ ಆಸ್ಪತ್ರೆಗಳಿವೆ. ಅಲ್ಲಿಂದ ಮುಂದಕ್ಕೆ ಕಳಿಸಿದರೆ ಹಾವೇರಿಯ ಜಿಲ್ಲಾ ಆಸ್ಪತ್ರೆ ಇದೆ, ಕಿಮ್ಸ್ ಎಂದೇ ಜನ ಕರೆಯುವ, 1957ರಲ್ಲಿ ಶುರುವಾದ ಹುಬ್ಬಳ್ಳಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇದೆ. ಖರ್ಚಿನ ಚಿಂತೆ ಇರುವವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಆಸ್ಪತ್ರೆಯಲ್ಲೇ ವಿಚಾರಿಸಬೇಕು.

ಶಸ್ತ್ರಚಿಕಿತ್ಸೆಯ ಬಳಿಕ ಮೊಣಕಾಲನ್ನು ಅಲುಗಿಸದೆ ಇಟ್ಟರೆ ಕೀಲು ಬಿಗಿಯುತ್ತದೆ. ಕಳೆ ಕೀಳಲು, ಹಾಲು ಕರೆಯಲು, ನೆಲದ ಮೇಲೆ ಕೂತು ಉಣ್ಣಲು ನಮ್ಮವರಿಗೆ ಪೂರ್ತಿ ಮಡಚುವ ಮೊಣಕಾಲು ಬೇಕು. ವೈದ್ಯರು ಹೇಳಿದ ದಿನದಿಂದ, ಹೇಳಿದ ಮಿತಿಯಲ್ಲಿ ಬಗ್ಗಿಸುವ ವ್ಯಾಯಾಮ ಮಾಡಲೇಬೇಕು. ಬಿದ್ದವರ ಮನೆಯವರು ಒಂದು ಮಾತು ನೆನಪಿಡಲಿ: ಮಲಗಿಸಿದಾಗ ಕಾಲನ್ನು ನೆಟ್ಟಗೆ ಚಾಚಿ ಹಿಮ್ಮಡಿ ಮೇಲೆತ್ತಲು ಆಗದಿದ್ದರೆ ತಿಕ್ಕಬೇಡಿ, ಎಳೆಯಬೇಡಿ, ಕಾಲಿಗೆ ಆಸರೆ ಕೊಟ್ಟು ಅಂದೇ ಎಲುಬಿನ ವೈದ್ಯರಲ್ಲಿಗೆ ಕರೆದೊಯ್ಯಿರಿ.