ಹಲ್ಲಿನ ಕಾಯಕ ನಿಲ್ಲದಿರಲಿ



ವಾರ್ಡಿನಲ್ಲಿ ಊಟದ ತಟ್ಟೆ ವಾಪಸು ತೆಗೆಯುವಾಗ ಶುಶ್ರೂಷಕಿಯರಾದ ನಾವು ಒಂದು ವಿಷಯವನ್ನು ಮತ್ತೆ ಮತ್ತೆ ನೋಡುತ್ತೇವೆ. ಅನ್ನ, ಸಾರು ಖಾಲಿಯಾಗಿರುತ್ತದೆ. ಚಪಾತಿ, ಕಾಳಿನ ಪಲ್ಯ, ಸೌತೆಕಾಯಿ ಹಾಗೆಯೇ ಉಳಿದಿರುತ್ತದೆ. “ಅಜ್ಜನಿಗೆ ಊಟ ಸೇರುತ್ತಿಲ್ಲ ಸಿಸ್ಟರ್, ಹಸಿವೇ ಇಲ್ಲ” ಎಂದು ಜೊತೆಗಿದ್ದ ಸೊಸೆ ಹೇಳುತ್ತಾರೆ. ಅಜ್ಜನ ಬಾಯಿ ತೆರೆಸಿ ನೋಡಿದರೆ ಮೇಲಿನ ಸಾಲಿನಲ್ಲಿ ಎಡಕ್ಕೆ ಎರಡು ದವಡೆ ಹಲ್ಲು, ಕೆಳಗಿನ ಸಾಲಿನಲ್ಲಿ ಬಲಕ್ಕೆ ಎರಡು. ಒಂದರ ಮೇಲೊಂದು ಕೂತು ಅರೆಯುವ ಒಂದು ಜೋಡಿಯೂ ಇಲ್ಲ. ಅಜ್ಜನಿಗೆ ಹಸಿವಿದೆ, ಅಗಿಯಲು ಬೀಸುಕಲ್ಲು ಇಲ್ಲ.

ಕೇಳಿದರೆ ಅಜ್ಜ ಹೇಳುವುದು ಇಷ್ಟು: “ನೋವು ಬಂದಾಗಲೆಲ್ಲ ಒಂದೊಂದು ಕೀಳಿಸಿದೆ. ಕೀಳಿಸಿದ ಮೇಲೆ ನೋವು ಹೋಯಿತು.” ನೋವು ಹೋದದ್ದು ನಿಜ. ಆದರೆ ನೋವಿನ ಜೊತೆಗೆ ಹಲ್ಲಿನ ಕೆಲಸವೂ ಹೋಯಿತು. ಕೆಲಸ ಮಾಡುವ ಹಲ್ಲನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಹಲ್ಲಿಗೂ ಒಂದು ಕಾಯಕ

ಯಾವ ಕಾಯಕವೂ ಕೀಳಲ್ಲ ಎಂದು ಬಸವಾದಿ ಶರಣರು ತೋರಿಸಿಕೊಟ್ಟರು. ಬಾಯೊಳಗೂ ಹಾಗೆಯೇ. ಮುಂದಿನ ಬಾಚಿ ಹಲ್ಲು ಕತ್ತರಿಸುತ್ತದೆ, ಕೋರೆ ಹಲ್ಲು ಹರಿಯುತ್ತದೆ, ಹಿಂದಿನ ದವಡೆ ಹಲ್ಲು ಅರೆಯುತ್ತದೆ. ಕಾಣುವುದು ಮುಂದಿನ ಹಲ್ಲಾದ್ದರಿಂದ ಅದಕ್ಕೆ ಏನಾದರೂ ಆದರೆ ಎಲ್ಲರೂ ಓಡಿ ಬರುತ್ತಾರೆ. ಹೊಟ್ಟೆ ತುಂಬಿಸುವ ದವಡೆ ಹಲ್ಲನ್ನು “ಒಳಗಿನದು, ಯಾರಿಗೆ ಕಾಣುತ್ತದೆ” ಎಂದು ಕೀಳಿಸಿಬಿಡುತ್ತಾರೆ.

ಒಂದು ದವಡೆ ಹಲ್ಲು ಹೋದರೆ ನಷ್ಟ ಒಂದೇ ಹಲ್ಲಿನದಲ್ಲ. ಪಕ್ಕದ ಹಲ್ಲು ಖಾಲಿ ಜಾಗಕ್ಕೆ ವಾಲುತ್ತದೆ. ಎದುರು ಸಾಲಿನ ಹಲ್ಲು ತಡೆಯಿಲ್ಲದೆ ಕೆಳಗಿಳಿಯುತ್ತದೆ ಅಥವಾ ಮೇಲೇಳುತ್ತದೆ. ವಾಲಿದ ಸಂದಿಯಲ್ಲಿ ಆಹಾರ ಸಿಕ್ಕಿ ಅಲ್ಲೂ ಹುಳುಕು ಶುರುವಾಗುತ್ತದೆ. ಹಲ್ಲು ಇಲ್ಲದ ಕಡೆ ದವಡೆಯ ಮೂಳೆ ಕರಗುತ್ತಾ ಬರುತ್ತದೆ.

ದೊಡ್ಡವರ ಬಾಯಲ್ಲಿ ಒಟ್ಟು 32 ಹಲ್ಲು. ಸಾಮಾನ್ಯ ಊಟವನ್ನು ಚೆನ್ನಾಗಿ ಅಗಿಯಲು ಕಡಿಮೆಯೆಂದರೆ ಸುಮಾರು 20 ಸ್ವಂತ ಹಲ್ಲು ಬೇಕು, ಅವು ಮೇಲೆ ಕೆಳಗೆ ಜೋಡಿಯಾಗಿ ಕೂಡಬೇಕು. ಜಪಾನ್ ದೇಶದಲ್ಲಿ 1989ರಲ್ಲಿ ‘8020’ ಎಂಬ ಆಂದೋಲನ ಆರಂಭವಾಯಿತು. 80 ವರ್ಷಕ್ಕೆ 20 ಸ್ವಂತ ಹಲ್ಲು ಉಳಿದಿರಬೇಕು ಎಂಬುದು ಅದರ ಗುರಿ. ಆಗ ಆ ವಯಸ್ಸಿನವರಲ್ಲಿ ಹತ್ತರಲ್ಲಿ ಒಬ್ಬರಿಗೂ 20 ಹಲ್ಲು ಇರಲಿಲ್ಲ. 2016ರ ಸಮೀಕ್ಷೆಯ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಜನ ಆ ಗುರಿ ಮುಟ್ಟಿದ್ದರು. ವಯಸ್ಸಾದರೆ ಹಲ್ಲು ಬೀಳಲೇಬೇಕು ಎಂಬ ನಿಯಮವಿಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಹಲ್ಲು ಬೀಳಿಸುವುದು ವಯಸ್ಸಲ್ಲ, ಹುಳುಕು ಮತ್ತು ವಸಡಿನ ರೋಗ.

ಹುಳುಕು ಆಗುವುದು ಹೇಗೆ?

ಹುಳುಕು ಹಲ್ಲಿನಲ್ಲಿ ಯಾವ ಹುಳುವೂ ಇರುವುದಿಲ್ಲ. ಹಲ್ಲಿಗೆ ಅಂಟಿದ ಪದರದಲ್ಲಿ ಕಣ್ಣಿಗೆ ಕಾಣದ ರೋಗಾಣುಗಳಿರುತ್ತವೆ. ನಾವು ಸಿಹಿ ತಿಂದಾಗ ಅವು ಅದನ್ನು ಆಮ್ಲವಾಗಿ ಮಾಡುತ್ತವೆ. ಆ ಆಮ್ಲ ಹಲ್ಲಿನ ಗಟ್ಟಿ ಹೊದಿಕೆಯಾದ ಎನಾಮಲ್‌ನಿಂದ ಸುಣ್ಣದ ಅಂಶವನ್ನು ಎಳೆಯುತ್ತದೆ. ನಂತರ ಬಾಯಿಯ ಜೊಲ್ಲು ಆಮ್ಲವನ್ನು ಶಮನ ಮಾಡಿ ಆ ಅಂಶವನ್ನು ಹಲ್ಲಿಗೆ ತಿರುಗಿ ಕೊಡುತ್ತದೆ. ಇದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಅಷ್ಟರಲ್ಲಿ ಮತ್ತೆ ಸಿಹಿ ಬಿದ್ದರೆ ರಿಪೇರಿ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಆದ್ದರಿಂದ ಎಷ್ಟು ಸಿಹಿ ತಿಂದಿರಿ ಎಂಬುದರಷ್ಟೇ ಎಷ್ಟು ಸಲ ತಿಂದಿರಿ ಎಂಬುದೂ ಮುಖ್ಯ. ಕಕ್ಕಬೆ, ನಾಪೋಕ್ಲು ಕಡೆಯ ಜಡಿಮಳೆಯಲ್ಲಿ ಬೆಲ್ಲದ ಕಾಪಿ ಒಲೆಯ ಮೇಲೆ ಇದ್ದೇ ಇರುತ್ತದೆ. ತೋಟಕ್ಕೆ ಹೋಗುವ ಮುನ್ನ ಒಂದು ಲೋಟ, ಬಂದ ಮೇಲೆ ಒಂದು ಲೋಟ, ನಡುವೆ ಗುಟುಕು ಗುಟುಕಾಗಿ ಇನ್ನಷ್ಟು. ಬೆಲ್ಲ ಸಕ್ಕರೆಯಂತಲ್ಲ, ಹಲ್ಲಿಗೆ ಏನೂ ಆಗುವುದಿಲ್ಲ ಎಂಬುದು ತಪ್ಪು ತಿಳುವಳಿಕೆ. ಕಕ್ಕಬೆಯ ಜೇನು ಹೆಸರುವಾಸಿ, ಆದರೆ ಹಲ್ಲಿನ ಮಟ್ಟಿಗೆ ಜೇನೂ ಸಿಹಿಯೇ. ಕಾಪಿ ಬಿಡಿ ಎಂದು ನಾವು ಹೇಳುವುದಿಲ್ಲ. ಊಟ ತಿಂಡಿಯ ಜೊತೆ ಕುಡಿಯಿರಿ. ಮಧ್ಯೆ ಬೇಕೆನಿಸಿದರೆ ಬೆಲ್ಲವಿಲ್ಲದೆ ಕುಡಿಯಿರಿ, ಬಳಿಕ ನೀರಿನಿಂದ ಬಾಯಿ ಮುಕ್ಕಳಿಸಿ. ಹಸುಗೂಸಿನ ಬಾಯಿಗೆ ಜೇನು ಸವರುವುದು ಬೇಡವೇ ಬೇಡ. ಒಂದು ವರ್ಷದೊಳಗಿನ ಮಗುವಿಗೆ ಜೇನು ಬೇರೆ ರೀತಿಯಲ್ಲೂ ಅಪಾಯಕಾರಿ.

“ಕಿತ್ತುಬಿಡಿ” ಎನ್ನುವ ಮುನ್ನ

ರೋಗ ಯಾವ ಹಂತದಲ್ಲಿದೆ ಎಂಬುದರ ಮೇಲೆ ಚಿಕಿತ್ಸೆ ನಿಂತಿದೆ.

1. ಬಿಳಿ ಮಚ್ಚೆ: ಇನ್ನೂ ತೂತು ಬಿದ್ದಿಲ್ಲ. ಫ್ಲೋರೈಡ್ ಪೇಸ್ಟ್, ವೈದ್ಯರು ಹಚ್ಚುವ ಫ್ಲೋರೈಡ್ ಲೇಪ ಮತ್ತು ಸಿಹಿಯ ಮಿತಿಯಿಂದ ಹಲ್ಲು ಪುನಃ ಗಟ್ಟಿಯಾಗುವ ಸಾಧ್ಯತೆ ಇದೆ.

2. ಸಣ್ಣ ತೂತು: ತುಂಬಿಸಿದರೆ ಮುಗಿಯಿತು. ಯಂತ್ರದ ಸದ್ದಿಗೆ ಹೆದರುವವರಿಗೆ ಯಂತ್ರವಿಲ್ಲದೆ, ಕೈ ಉಪಕರಣದಿಂದಲೇ ಮೆತ್ತಗಾದ ಭಾಗ ತೆಗೆದು ಗ್ಲಾಸ್ ಅಯಾನೊಮರ್ ಎಂಬ ಸಿಮೆಂಟು ತುಂಬುವ ವಿಧಾನವಿದೆ. ಹುಳುಕು ಮುಂದುವರಿಯದಂತೆ ತಡೆಯುವ ಸಿಲ್ವರ್ ಡೈಅಮೀನ್ ಫ್ಲೋರೈಡ್ ಎಂಬ ದ್ರವವೂ ಇದೆ. ಅದು ಹಚ್ಚಿದ ಜಾಗ ಕಪ್ಪಾಗುತ್ತದೆ, ಆದರೆ ಹಲ್ಲು ಉಳಿಯುತ್ತದೆ. ಸಣ್ಣ ಮಕ್ಕಳಿಗೂ ವಯಸ್ಸಾದವರಿಗೂ ಇದು ಉಪಯುಕ್ತ. ಇವೆರಡನ್ನೂ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ.

3. ರಾತ್ರಿ ನಿದ್ದೆಗೆಡಿಸುವ ನೋವು: ಹುಳುಕು ನರದವರೆಗೆ ಹೋಗಿದೆ ಎಂದರ್ಥ. ಆಗಲೂ ರೂಟ್ ಕೆನಾಲ್ ಅಂದರೆ ಬೇರುನಾಳದ ಚಿಕಿತ್ಸೆ ಮಾಡಿ ಮೇಲೆ ಕ್ಯಾಪ್ ಹಾಕಿದರೆ ಅದೇ ಹಲ್ಲಿನಲ್ಲಿ ವರ್ಷಗಟ್ಟಲೆ ಅಗಿಯಬಹುದು.

4. ವಸಡಿನಲ್ಲಿ ರಕ್ತ: ಹಲ್ಲಿನ ಬುಡದಲ್ಲಿ ಕಿಟ್ಟ ಕಟ್ಟಿದೆ. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಹೆದರಿಕೆ ಬೇಡ. ಸಡಿಲ ಮಾಡಿದ್ದು ಕಿಟ್ಟ. ಅದನ್ನು ತೆಗೆದಾಗ ಮುಂಚಿನಿಂದಲೇ ಇದ್ದ ಸಡಿಲ ಗೊತ್ತಾಗುತ್ತದೆ, ಅಷ್ಟೆ. ಸಕ್ಕರೆ ಕಾಯಿಲೆ ಇರುವವರಿಗೆ ವಸಡಿನ ರೋಗ ಬೇಗ ಹೆಚ್ಚುತ್ತದೆ. ವಸಡಿನ ರೋಗ ಹೆಚ್ಚಿದರೆ ಸಕ್ಕರೆಯೂ ಹತೋಟಿಗೆ ಬರುವುದು ಕಷ್ಟ.

ಬೇರು ಸೀಳಿದ, ಮೂಳೆಯ ಆಧಾರ ಪೂರ್ತಿ ತಪ್ಪಿದ ಹಲ್ಲನ್ನು ಕೀಳಲೇಬೇಕಾಗುತ್ತದೆ. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆ ಎಂಬ ಮಾತಿನಲ್ಲಿ ಸತ್ಯವಿಲ್ಲ. ಕೀಳುವ ಮುನ್ನ ವೈದ್ಯರಲ್ಲಿ ಮೂರು ಪ್ರಶ್ನೆ ಕೇಳಿ: ಈ ಹಲ್ಲನ್ನು ಉಳಿಸಲು ಬರುತ್ತದೆಯೇ? ಉಳಿಸಲು ಎಷ್ಟು ಖರ್ಚು, ಎಷ್ಟು ಸಲ ಬರಬೇಕು? ಕಿತ್ತರೆ ಆ ಜಾಗಕ್ಕೆ ಏನು ಹಾಕಿಸಬೇಕು? ಕೀಳುವ ದಿನದ ಖರ್ಚು ಕಡಿಮೆ ಎನಿಸಬಹುದು, ಮುಂದೆ ಹಲ್ಲು ಕಟ್ಟಿಸುವ ಖರ್ಚನ್ನೂ ಕೂಡಿಸಿ ನೋಡಿ. ಪೂರ್ತಿ ಹಲ್ಲಿನ ಸೆಟ್ ಎಷ್ಟು ಚೆನ್ನಾಗಿದ್ದರೂ ಸ್ವಂತ ಹಲ್ಲಿನ ಅರ್ಧದಷ್ಟು ಬಲವೂ ಅದಕ್ಕೆ ಬರುವುದಿಲ್ಲ.

ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಹೃದಯದ ಕವಾಟದ ಆಪರೇಷನ್ ಆದವರು ಹಲ್ಲಿನ ವೈದ್ಯರಿಗೆ ಮೊದಲೇ ತಿಳಿಸಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಕೂಡದು.

ಆರನೇ ವರ್ಷದ ಹಲ್ಲು

ತಾಯಂದಿರು ಇದನ್ನು ವಿಶೇಷವಾಗಿ ಗಮನಿಸಬೇಕು. ಮಗುವಿಗೆ ಸುಮಾರು ಆರು ವರ್ಷವಾದಾಗ ಹಾಲು ಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆಯೇ, ಒಂದು ದೊಡ್ಡ ದವಡೆ ಹಲ್ಲು ಹುಟ್ಟುತ್ತದೆ. ಮೇಲೆ ಎರಡು, ಕೆಳಗೆ ಎರಡು. ಹಲ್ಲು ಬಿದ್ದು ಬಂದದ್ದಲ್ಲವಾದ್ದರಿಂದ ಅದೂ ಹಾಲು ಹಲ್ಲೇ ಎಂದು ಬಹಳ ಮನೆಗಳಲ್ಲಿ ತಿಳಿಯುತ್ತಾರೆ. “ಬಿದ್ದು ಹೊಸದು ಬರುತ್ತದೆ ಬಿಡಿ” ಎನ್ನುತ್ತಾರೆ. ಅದು ಶಾಶ್ವತ ಹಲ್ಲು, ಹೋದರೆ ಮತ್ತೊಂದು ಬರುವುದಿಲ್ಲ. ಅದರ ಮೇಲ್ಭಾಗದ ಆಳವಾದ ಗೆರೆಗಳಿಗೆ ಸೀಲಂಟ್ ಎಂಬ ತೆಳು ಲೇಪ ಹಾಕಿಸಿದರೆ ಹುಳುಕು ಬಹಳಷ್ಟು ತಪ್ಪುತ್ತದೆ. ಇದಕ್ಕೆ ಚುಚ್ಚುಮದ್ದೂ ಬೇಡ, ಕೊರೆಯುವುದೂ ಬೇಡ.

ಆಟದಲ್ಲಿ ಬಿದ್ದು ಶಾಶ್ವತ ಹಲ್ಲು ಬೇರುಸಹಿತ ಕಳಚಿ ಬಂದರೆ ಎಸೆಯಬೇಡಿ. ಬೇರನ್ನು ಮುಟ್ಟದೆ, ಉಜ್ಜದೆ, ಹಲ್ಲನ್ನು ಹಾಲಿನಲ್ಲಿ ಹಾಕಿಕೊಂಡು ಕೂಡಲೇ ಹಲ್ಲಿನ ವೈದ್ಯರ ಬಳಿಗೆ ಬನ್ನಿ. ಒಂದು ಗಂಟೆಯೊಳಗೆ ಬಂದರೆ ಅದೇ ಹಲ್ಲನ್ನು ಮತ್ತೆ ಕೂರಿಸುವ ಅವಕಾಶ ಹೆಚ್ಚು. ಹಾಲು ಹಲ್ಲನ್ನು ಹೀಗೆ ಕೂರಿಸುವುದಿಲ್ಲ.

ಮನೆಯಲ್ಲಿ ನಿತ್ಯ ಪಾಲಿಸಬೇಕಾದ್ದು

• ಬೆಳಿಗ್ಗೆ ಮತ್ತು ರಾತ್ರಿ ಮಲಗುವ ಮುನ್ನ, ಎರಡೂ ಹೊತ್ತು ಎರಡು ನಿಮಿಷ ಹಲ್ಲುಜ್ಜಿ. ರಾತ್ರಿ ಜೊಲ್ಲು ಕಡಿಮೆ ಇರುವುದರಿಂದ ರಾತ್ರಿಯದೇ ಹೆಚ್ಚು ಮುಖ್ಯ.

• ಮೆತ್ತನೆಯ ಬ್ರಷ್ ಇರಲಿ. ಇದ್ದಿಲು, ಇಟ್ಟಿಗೆ ಪುಡಿ, ಮರಳು, ಉಮಿ ಬೂದಿ ಎನಾಮಲ್ಲನ್ನು ಸವೆಸುತ್ತವೆ. ಹೊಗೆಸೊಪ್ಪಿನ ಪುಡಿಯಿಂದ ಹಲ್ಲುಜ್ಜಲೇಬಾರದು.

• ಫ್ಲೋರೈಡ್ ಇರುವ ಪೇಸ್ಟ್ ಬಳಸಿ. ದೊಡ್ಡವರಿಗೆ 1000 ಪಿಪಿಎಂ ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಇರಲಿ, ಟ್ಯೂಬಿನ ಮೇಲೆ ನೋಡಿಕೊಳ್ಳಿ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಕಾಳಿನಷ್ಟು ಸಾಕು. ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವ ಪಾವಗಡದಂಥ ಬಯಲುಸೀಮೆ ಊರಿನವರು ಮಕ್ಕಳ ಪೇಸ್ಟಿನ ವಿಷಯ ವೈದ್ಯರಲ್ಲಿ ಕೇಳಿಕೊಳ್ಳಿ.

• ಉಜ್ಜಿದ ಮೇಲೆ ಉಗುಳಿ, ಬಹಳ ನೀರು ಹಾಕಿ ಮುಕ್ಕಳಿಸಬೇಡಿ. ಪೇಸ್ಟಿನ ಅಂಶ ಹಲ್ಲಿನ ಮೇಲೆ ಸ್ವಲ್ಪ ಹೊತ್ತು ಉಳಿಯಲಿ.

• ಎರಡೂ ಬದಿಯಲ್ಲಿ ಅಗಿಯಿರಿ. ಒಂದೇ ಬದಿಯಲ್ಲಿ ಅಗಿಯುತ್ತಿದ್ದರೆ ಇನ್ನೊಂದು ಬದಿಯಲ್ಲಿ ಏನೋ ತೊಂದರೆ ಇದೆ ಎಂದು ತಿಳಿದು ತೋರಿಸಿ.

• ಎಲೆ ಅಡಿಕೆ, ಹೊಗೆಸೊಪ್ಪು ಬಿಡಿ. ಅಡಿಕೆಯೊಂದರಿಂದಲೇ, ಹೊಗೆಸೊಪ್ಪು ಸೇರದಿದ್ದರೂ, ಬಾಯಿಯ ಕ್ಯಾನ್ಸರ್ ಅಪಾಯವಿದೆ. ತೋಟದ ಕೆಲಸದ ನಡುವೆ ಹಲ್ಲುನೋವಿಗೆ ಹೊಗೆಸೊಪ್ಪು ಒತ್ತಿಟ್ಟುಕೊಳ್ಳುವ ರೂಢಿಯೂ ಬೇಡ. ಅದು ನೋವನ್ನು ಮರೆಸುತ್ತದೆ, ರೋಗವನ್ನು ಬೆಳೆಸುತ್ತದೆ.

ಹಾಸಿಗೆ ಹಿಡಿದವರ ಬಾಯಿ

ಇದು ರೋಗಿಯ ಜೊತೆಗಿರುವವರಿಗೆ. ಮೈ ಒರೆಸುತ್ತೇವೆ, ಬಟ್ಟೆ ಬದಲಿಸುತ್ತೇವೆ, ಬಾಯಿ ಮಾತ್ರ ಮರೆತುಹೋಗುತ್ತದೆ. ಶುಚಿಯಿಲ್ಲದ ಬಾಯಿಯ ರೋಗಾಣುಗಳು ಜೊಲ್ಲಿನ ಜೊತೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ಎಚ್ಚರವಿರುವ ರೋಗಿಯನ್ನು ತಲೆ ಎತ್ತರಿಸಿ ಕೂರಿಸಿ, ದಿನಕ್ಕೆ ಎರಡು ಸಲ ಮೆತ್ತನೆಯ ಬ್ರಷ್‌ನಿಂದ ಉಜ್ಜಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ. ಅವರನ್ನು ಒಂದು ಬದಿಗೆ ಮಲಗಿಸಿ, ಒದ್ದೆ ಮಾಡಿ ಹಿಂಡಿದ ಗಾಜ್ ಬಟ್ಟೆಯಿಂದ ಒರೆಸುವುದನ್ನು ನಮ್ಮ ಸಿಸ್ಟರ್‌ಗಳು ತೋರಿಸಿಕೊಡುತ್ತಾರೆ.

ಹಲ್ಲಿನ ಸೆಟ್ ಇದ್ದರೆ ಆಸ್ಪತ್ರೆಗೆ ತನ್ನಿ, ಮನೆಯಲ್ಲಿ ಬಿಟ್ಟು ಬರಬೇಡಿ. ರಾತ್ರಿ ತೆಗೆದು ತೊಳೆದು ತಣ್ಣೀರಿನ ಡಬ್ಬಿಯಲ್ಲಿಡಿ. ಬಿಸಿನೀರು ಬೇಡ, ಆಕಾರ ಕೆಡುತ್ತದೆ. ಕಾಗದದಲ್ಲಿ ಸುತ್ತಿ ದಿಂಬಿನ ಪಕ್ಕ ಇಟ್ಟ ಸೆಟ್ಟು ಕಸದ ಜೊತೆ ಹೋಗುವುದುಂಟು.

ತಡ ಮಾಡಬಾರದ ಲಕ್ಷಣಗಳು

ಮುಖ ಅಥವಾ ಕತ್ತು ಊದಿಕೊಂಡು ಜ್ವರ, ಬಾಯಿ ತೆರೆಯಲು ಆಗದಿರುವುದು, ನುಂಗಲು ಅಥವಾ ಉಸಿರಾಡಲು ಕಷ್ಟ – ಇವಿದ್ದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಬನ್ನಿ. ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಮೂರು ಬೆರಳು ಹಿಡಿಸದಷ್ಟು ಕಿರಿದಾದ ಬಾಯಿ ಇದ್ದರೆ ನೋವಿಲ್ಲದಿದ್ದರೂ ತೋರಿಸಿ.

ಎಲ್ಲಿ ತೋರಿಸಬೇಕು?

ವಿರಾಜಪೇಟೆಯ ಮಗ್ಗುಲದಲ್ಲಿ 1999ರಲ್ಲಿ ಆರಂಭವಾದ ಕೂರ್ಗ್ ದಂತ ವಿಜ್ಞಾನ ಸಂಸ್ಥೆ ಇದೆ. ದಂತ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಚಿಕಿತ್ಸೆ ಕೊಡುವುದರಿಂದ ಸಮಯ ಹೆಚ್ಚು ಹಿಡಿದರೂ ಖರ್ಚು ಸಾಮಾನ್ಯವಾಗಿ ಕಡಿಮೆ. ಬಡ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಡಲು ರಾಜ್ಯ ಸರ್ಕಾರ ಕಳೆದ ದಶಕದಲ್ಲಿ ದಂತಭಾಗ್ಯ ಯೋಜನೆ ತಂದಿತು. ಈಗ ಯಾವ ಸೌಲಭ್ಯ ಸಿಗುತ್ತದೆ ಎಂದು ಬಿ.ಪಿ.ಎಲ್. ಕಾರ್ಡಿನೊಂದಿಗೆ ಸರ್ಕಾರಿ ಆಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸಿ.

ಆ ಅಜ್ಜನಿಗೆ ಉಳಿದಿದ್ದ ನಾಲ್ಕು ಹಲ್ಲನ್ನೂ “ಇನ್ನೇಕೆ, ಕಿತ್ತುಬಿಡಿ” ಎಂದು ಮನೆಯವರು ಹೇಳಿದ್ದರು. ಹಲ್ಲಿನ ವೈದ್ಯರು ಆ ನಾಲ್ಕನ್ನು ಉಳಿಸಿ, ಶುಚಿ ಮಾಡಿ, ಅವುಗಳ ಆಧಾರದ ಮೇಲೆಯೇ ಉಳಿದ ಹಲ್ಲುಗಳನ್ನು ಕಟ್ಟಿಕೊಟ್ಟರು. ಮುಂದಿನ ಸಲ ತಪಾಸಣೆಗೆ ಬಂದಾಗ ಅಜ್ಜ ಮೊದಲು ಹೇಳಿದ್ದು ಬಿ.ಪಿ.ಯ ವಿಷಯವಲ್ಲ. “ಸಿಸ್ಟರ್, ಅಕ್ಕಿರೊಟ್ಟಿ ತಿಂದೆ” ಎಂದರು.

ಇಂದು ರಾತ್ರಿ ಹಲ್ಲುಜ್ಜಿದ ಮೇಲೆ ಕನ್ನಡಿಯ ಮುಂದೆ ನಿಂತು ಬಾಯಿ ಕಚ್ಚಿ ನೋಡಿ. ಒಂದಕ್ಕೊಂದು ಕೂಡುವ ಜೋಡಿ ಎಷ್ಟಿವೆ ಎಂದು ಎಣಿಸಿ. ನಿಮ್ಮದಾದ ಮೇಲೆ ಮನೆಯ ಹಿರಿಯರದನ್ನೂ ಮಕ್ಕಳದನ್ನೂ ನೋಡಿ. ನೋವಿಲ್ಲದಿದ್ದರೂ ವರ್ಷಕ್ಕೊಮ್ಮೆ ತೋರಿಸಿ. ನಿಮ್ಮ ಹಲ್ಲಿನ ಕಾಯಕ ಕೊನೆಯವರೆಗೂ ನಡೆಯಲಿ.