ಹಸಿವೂ ಒಲವೂ

ಕಳೆದ ಚಳಿಗಾಲ ಬಿ.ಎ. ತರಗತಿಯಲ್ಲಿ ಜನ್ನನ ‘ಯಶೋಧರ ಚರಿತೆ’ಯ ಪಾಠ ನಡೆದಿತ್ತು. ಹಿಟ್ಟಿನ ಹುಂಜವೊಂದನ್ನು ಬಲಿಕೊಟ್ಟ ತಪ್ಪಿಗೆ ತಾಯಿಯೂ ಮಗನೂ ಪ್ರಾಣಿಜನ್ಮಗಳಲ್ಲಿ ತೊಳಲಿದ ಕಥೆಯನ್ನು ವಿವರಿಸುತ್ತಿದ್ದೆ. ಕೈ ಕೊಲ್ಲದಿದ್ದರೂ ಮನಸ್ಸು ಕೊಂದರೆ ಅದೂ ಹಿಂಸೆಯೇ ಎಂಬ ಮಾತು ಬಂದಾಗ ಹಿಂದಿನ ಸಾಲಿನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಸಾರ್, ಒಂದು ಜಪಾನೀ ಚಿತ್ರಮಾಲೆಯಲ್ಲಿ ನೆತ್ತರಿಗೆ ಬದಲಾಗಿ ಗುಳಿಗೆ ನುಂಗುವ ರಕ್ತಪಿಶಾಚಿಗಳಿವೆ. ಗುಳಿಗೆ ನುಂಗಿದರೂ ಬಾಯಾರಿಕೆ ಹೋಗುವುದಿಲ್ಲ. ಅದೂ ಹಿಟ್ಟಿನ ಹುಂಜವೇ ಅಲ್ಲವೆ?” ಎಂದು ಕೇಳಿದಳು. ತರಗತಿ ನಕ್ಕಿತು. ನಾನೂ ನಕ್ಕೆನೆಂದು ಒಪ್ಪಿಕೊಳ್ಳಬೇಕು. ಆಕೆ ಮಾತ್ರ ನಗಲಿಲ್ಲ. ತಲೆ ತಗ್ಗಿಸಿ ಕುಳಿತಳು. ಆ ಸಂಜೆ ನನ್ನ ನಗು ನನಗೇ ಹಿತವಾಗಲಿಲ್ಲ. ಪ್ರಶ್ನೆಯನ್ನು ಅರಿಯದೆ ಪ್ರಶ್ನಿಸಿದವಳನ್ನು ನಕ್ಕುಬಿಟ್ಟಿದ್ದೆ. ಆದುದರಿಂದ ಆ ಚಿತ್ರಮಾಲೆಯ ಇಪ್ಪತ್ತಾರು ಕಂತುಗಳನ್ನೂ ಬಿಡುವಿನ ವೇಳೆಯಲ್ಲಿ ಕುಳಿತು ನೋಡಿದೆ. ಈ ಬರೆಹ ಅದರ ಫಲ.

ಆಕೆ ಹೇಳಿದ ಕೃತಿ ‘ವ್ಯಾಂಪೈರ್ ನೈಟ್’. ಮತ್ಸುರಿ ಹಿನೊ ಎಂಬಾಕೆ ತಾನೇ ಬರೆದು ತಾನೇ ಚಿತ್ರಿಸಿದ ಕಥೆಯಿದು. ಹುಡುಗಿಯರಿಗಾಗಿ ಹೊರಡುವ ‘ಲಾಲಾ’ ಮಾಸಪತ್ರಿಕೆಯಲ್ಲಿ 2005ರ ಜನವರಿ ಸಂಚಿಕೆಯಿಂದ 2013ರವರೆಗೆ ಧಾರಾವಾಹಿಯಾಗಿ ಬಂದು 19 ಸಂಪುಟಗಳಲ್ಲಿ ಮುಗಿಯಿತು. ಅದು ನಡೆಯುತ್ತಿರುವಾಗಲೇ, 2008ರಲ್ಲಿ, ಸ್ಟುಡಿಯೋ ಡೀನ್ ಸಂಸ್ಥೆ ಅದನ್ನು ದೂರದರ್ಶನಕ್ಕಾಗಿ ಅನಿಮೆಯಾಗಿ ರೂಪಿಸಿತು. ನಿರ್ದೇಶಕಿ ಕಿಯೊಕೊ ಸಯಾಮಾ. ಏಪ್ರಿಲಿನಿಂದ 13 ಕಂತು. ಅಕ್ಟೋಬರಿನಿಂದ ‘ಗಿಲ್ಟಿ’ ಎಂಬ ಹೆಸರಿನಲ್ಲಿ ಮತ್ತೆ 13. ಹೆಸರಿನಲ್ಲಿಯೇ ಒಂದು ಶ್ಲೇಷೆಯಿದೆ. ಕುದುರೆಯೇರಿದ ವೀರನೆಂಬ ಅರ್ಥದ ಅಕ್ಷರಗಳನ್ನು ಬರೆದು ಅದನ್ನು ಇಂಗ್ಲಿಷಿನಂತೆ ‘ನೈಟೊ’ ಎಂದು ಓದಿಸುತ್ತಾರೆ. ಇರುಳೆಂಬ ಅರ್ಥದ ಇಂಗ್ಲಿಷ್ ಪದವೂ ಜಪಾನೀಯರ ಬಾಯಲ್ಲಿ ‘ನೈಟೊ’ ಎಂದೇ ಆಗುತ್ತದೆ. ನಮ್ಮ ಲಿಪಿಯಲ್ಲಿ ಬರೆದರೂ ಎರಡಕ್ಕೂ ಭೇದವಿಲ್ಲ. ಕಾಯುವ ವೀರನಾರು, ಕಾಡುವ ಇರುಳಾವುದು ಎಂಬ ಗೊಂದಲವೇ ಈ ಕಥೆಯ ಜೀವಾಳ.

ವ್ಯಾಂಪೈರ್ ಎಂಬ ಕಲ್ಪನೆ ಜಪಾನಿಗೆ ಹೊರಗಿನಿಂದ ಬಂದುದು. ಇಂಗ್ಲಿಷ್ ಸಾಹಿತ್ಯದಲ್ಲಿ ಪೊಲಿಡೋರಿಯ ಕಥೆ 1819ರಲ್ಲಿಯೂ, ಲೆ ಫಾನುವಿನ ‘ಕಾರ್ಮಿಲ್ಲಾ’ 1872ರಲ್ಲಿಯೂ, ಬ್ರಾಮ್ ಸ್ಟೋಕರನ ‘ಡ್ರಾಕುಲಾ’ 1897ರಲ್ಲಿಯೂ ಬಂದವು. ನಮ್ಮ ಬೇತಾಳನೂ ಈ ಬಳಗಕ್ಕೆ ಸೇರಿದ್ದುಂಟು: ಬೇತಾಳ ಕಥೆಗಳನ್ನು 1870ರಲ್ಲಿ ಇಂಗ್ಲಿಷಿಗೆ ತಂದ ರಿಚರ್ಡ್ ಬರ್ಟನ್ ತನ್ನ ಪುಸ್ತಕಕ್ಕೆ ‘ವಿಕ್ರಮ್ ಅಂಡ್ ದಿ ವ್ಯಾಂಪೈರ್’ ಎಂದೇ ಹೆಸರಿಟ್ಟ. ಜಪಾನೀ ಭಾಷೆಯ ‘ಕ್ಯೂಕೆತ್ಸುಕಿ’ ಎಂಬ ಪದಕ್ಕೆ ನೆತ್ತರು ಹೀರುವ ಪಿಶಾಚಿ ಎಂದೇ ಅರ್ಥ. ಆದರೆ ಅಲ್ಲಿಯ ಚಿತ್ರಕಥೆಗಾರ್ತಿಯರ ಕೈಯಲ್ಲಿ ಈ ಪಿಶಾಚಿಯ ಮುಖವೇ ಬದಲಾಯಿತು. ಮೊಟೊ ಹಗಿಯೊ 1972ರಲ್ಲಿ ಆರಂಭಿಸಿದ ‘ಪೊ ವಂಶ’ದ ಕಥೆಗಳಲ್ಲಿ ರಕ್ತಪಾನಿಯು ಎಂದಿಗೂ ಬೆಳೆಯದ, ಯಾರೊಡನೆಯೂ ನೆಲೆನಿಲ್ಲಲಾರದ ಬಾಲಕ. ಗುಲಾಬಿಯ ನಡುವೆ ನಿಂತ ಆ ಬಾಲಕನನ್ನು ಕಂಡು ಓದುಗರು ಹೆದರುವುದಿಲ್ಲ, ಮರುಗುತ್ತಾರೆ. ಭಯಾನಕದ ವಸ್ತು ಹೀಗೆ ಕರುಣಕ್ಕೆ ಒಲಿದ ಪರಂಪರೆಯಲ್ಲಿಯೇ ಹಿನೊ ಅವರ ಕೃತಿಯೂ ನಿಂತಿದೆ.

ಕಥೆ ನಡೆಯುವುದು ಕ್ರಾಸ್ ಅಕಾಡೆಮಿ ಎಂಬ ಶಾಲೆಯಲ್ಲಿ. ಹಗಲಿನ ತರಗತಿ ಮನುಷ್ಯರಿಗೆ, ಇರುಳಿನ ತರಗತಿ ವ್ಯಾಂಪೈರರಿಗೆ. ಹಗಲಿನವರಿಗೆ ಈ ಗುಟ್ಟು ತಿಳಿಯದು. ಎರಡೂ ಕುಲಗಳು ಒಂದೆಡೆ ಬಾಳಲು ಕಲಿಯಲಿ ಎಂಬುದು ಶಾಲೆಯ ಮುಖ್ಯಸ್ಥ ಕೈಎನ್ ಕ್ರಾಸನ ಕನಸು. ಅವನ ಸಾಕುಮಗಳು ಯೂಕಿ, ಅವನ ಆಶ್ರಯದಲ್ಲಿ ಬೆಳೆದ ಝೀರೊ, ಇವರಿಬ್ಬರೂ ಎರಡು ಲೋಕಗಳ ಗಡಿಯ ಕಾವಲುಗಾರರು. ಯೂಕಿಗೆ ಐದು ವರ್ಷಕ್ಕೆ ಹಿಂದಿನ ಯಾವ ನೆನಪೂ ಇಲ್ಲ. ಅವಳ ಮೊದಲ ನೆನಪೆಂದರೆ ಬಿಳಿಯ ಹಿಮ, ತನ್ನ ಮೇಲೆರಗಿದ ಒಬ್ಬ ವ್ಯಾಂಪೈರ್, ತನ್ನನ್ನು ಉಳಿಸಿದ ಇನ್ನೊಬ್ಬ ವ್ಯಾಂಪೈರ್. ಉಳಿಸಿದವನು ಶುದ್ಧರಕ್ತದ ಕುರಾನ್ ವಂಶದ ಕನಾಮೆ. ಕೊಲ್ಲಬಂದವನೂ ಕಾಯ್ದವನೂ ಒಂದೇ ಕುಲದವರೆಂಬ ಈ ಮೊದಲ ಚಿತ್ರದಲ್ಲಿಯೇ ಇಡೀ ಕಥೆಯ ಬೀಜವಿದೆ.

ಝೀರೊನ ಪಾತ್ರ ಇದಕ್ಕೆ ಎದುರಾಗಿ ನಿಂತಿದೆ. ಅವನು ವ್ಯಾಂಪೈರರನ್ನು ಬೇಟೆಯಾಡುವ ಮನೆತನದವನು. ಶಿಜುಕಾ ಹಿಯೊ ಎಂಬ ಶುದ್ಧರಕ್ತದವಳು ಅವನ ತಂದೆತಾಯಿಗಳನ್ನು ಕೊಂದು ಅವನನ್ನು ಕಚ್ಚಿದ್ದಾಳೆ. ಆ ಕ್ಷಣದಿಂದ ಅವನು ತಾನು ದ್ವೇಷಿಸುವ ಕುಲಕ್ಕೆ ತಾನೇ ಮೆಲ್ಲಮೆಲ್ಲನೆ ಜಾರುತ್ತಿದ್ದಾನೆ. ಶುದ್ಧರಕ್ತದವರು, ಕುಲೀನರು, ಸಾಮಾನ್ಯರು, ಮನುಷ್ಯರಾಗಿದ್ದು ವ್ಯಾಂಪೈರರಾದವರು, ಕೊನೆಗೆ ವಿವೇಕವನ್ನು ಕಳೆದುಕೊಂಡ ಪತಿತರು ಎಂಬ ಮೆಟ್ಟಿಲುಗಳಲ್ಲಿ ಅವನ ಹಾದಿ ಕೆಳಮುಖವಾದುದು. ಉಳಿದವರು ನೀರಿನಲ್ಲಿ ಕರಗಿಸಿ ಕುಡಿಯುವ ಗುಳಿಗೆಯನ್ನು ಅವನ ದೇಹ ಒಪ್ಪುವುದಿಲ್ಲ. ಒಂದು ದಿನ ಅವನು ಯೂಕಿಯನ್ನೇ ಕಚ್ಚುತ್ತಾನೆ. ಆಮೇಲೆ ಅವನ ಕಣ್ಣಿನಲ್ಲಿ ಕಾಣುವುದು ತೃಪ್ತಿಗಿಂತ ಹೆಚ್ಚಾಗಿ ಜಿಗುಪ್ಸೆ. ಅದು ತನ್ನ ಮೇಲೆ ತನಗೇ ಹುಟ್ಟಿದ ಜಿಗುಪ್ಸೆ.

ಇಲ್ಲಿ ಕೃತಿಯ ಕಲೆಯನ್ನು ಕುರಿತು ಕೆಲವು ಮಾತು ಹೇಳಬೇಕು. ಹಗಲಿನ ಮನುಷ್ಯರಿಗೆ ಕಪ್ಪು ಸಮವಸ್ತ್ರ, ಇರುಳಿನ ವ್ಯಾಂಪೈರರಿಗೆ ಬಿಳಿಯದು. ನಾವು ನಿರೀಕ್ಷಿಸುವುದನ್ನು ತಿರುಗಿಸಿಟ್ಟ ಈ ಬಣ್ಣಗಾರಿಕೆ ಒಂದು ಮಾತೂ ಆಡದೆ ಅರ್ಥವನ್ನು ಧ್ವನಿಸುತ್ತದೆ. ಪ್ರತಿದಿನ ಸಂಜೆ ಹಗಲಿನವರು ತಮ್ಮ ನಿಲಯಕ್ಕೆ ಮರಳುವ, ಇರುಳಿನವರು ಹೊರಬರುವ ಹೊತ್ತಿನಲ್ಲಿ ಚಂದ್ರನಿಲಯದ ಬಾಗಿಲು ತೆರೆಯುತ್ತದೆ. ಹುಡುಗಿಯರು ಮೋಹದಿಂದ ಕೂಗುತ್ತಾರೆ. ನಡುವೆ ಯೂಕಿ ಕೈಚಾಚಿ ತಡೆದು ನಿಂತಿರುತ್ತಾಳೆ. ಹಾಸ್ಯದಂತೆ ಕಾಣುವ ಈ ಸಂಧ್ಯಾದೃಶ್ಯವೇ ಮುಂದಿನ ದುರಂತದ ಮುನ್ಸೂಚನೆ. ಚಲನೆ ಕಡಿಮೆ, ಸ್ಥಿರವಾದ ಮುಖದ ಮೇಲೆ ನೋಟ ಮೆಲ್ಲನೆ ಸರಿಯುತ್ತದೆ. ನೆತ್ತರಿನ ದಾಹ ಬಂದಾಗ ಕಣ್ಣು ಕೆಂಪಾಗುತ್ತದೆ. ರಕ್ತವನ್ನು ತೋರಿಸುವುದಕ್ಕಿಂತ ಅದನ್ನು ಗುಟುಕರಿಸುವ ಸದ್ದನ್ನು ಕೇಳಿಸುವುದರಲ್ಲಿ ನಿರ್ದೇಶಕಿಗೆ ಹೆಚ್ಚಿನ ನಂಬಿಕೆ. ಮಿತವ್ಯಯಕ್ಕಾಗಿ ಹುಟ್ಟಿದ ತಂತ್ರ ಇಲ್ಲಿ ಮೌನದ ಭಾಷೆಯಾಗಿದೆ. ಕಂತಿನ ಕೊನೆಗೆ ಬರುವ, ಸೆಲ್ಲೊ ವಾದಕಿ ಕನೊನ್ ವಕೆಶಿಮಾ ಹಾಡಿದ ಗೀತೆ ಆ ಮೌನವನ್ನು ಇನ್ನಷ್ಟು ಗಾಢವಾಗಿಸುತ್ತದೆ.

ಕಥೆಯ ತಿರುಳಿರುವುದು ಯೂಕಿಯ ದಾನದಲ್ಲಿ. ತನ್ನನ್ನು ಕಚ್ಚಿದವನಿಗೆ ಅವಳು ಮುಂದೆ ತಾನಾಗಿಯೇ ನೆತ್ತರನ್ನು ಕೊಡುತ್ತಾಳೆ. ಅದನ್ನು ಎಲ್ಲರಿಂದ ಮುಚ್ಚಿಡುತ್ತಾಳೆ. ಕಿತ್ತುಕೊಂಡದ್ದು ಹಿಂಸೆಯಾದರೆ, ಕೊಟ್ಟದ್ದು ಪ್ರೇಮವೆ? ಕೊಟ್ಟವಳು ಕೊಟ್ಟಷ್ಟೂ ಪಡೆದವನ ಹಸಿವು ಹೆಚ್ಚುತ್ತದೆ. ಅವನ ನಾಚಿಕೆಯೂ ಹೆಚ್ಚುತ್ತದೆ. ಅಷ್ಟಕ್ಕೇ ನಿಂತಿದ್ದರೆ ಇದು ಒಬ್ಬ ತ್ಯಾಗಮಯಿಯ ಕಥೆಯಾಗಿ ಮುಗಿಯುತ್ತಿತ್ತು. ಎರಡನೆಯ ಭಾಗದಲ್ಲಿ ಯೂಕಿಯೇ ಶುದ್ಧರಕ್ತದವಳೆಂದು ತಿಳಿದುಬರುತ್ತದೆ. ಮಗಳನ್ನು ಉಳಿಸಲೆಂದು ತಾಯಿ ತನ್ನ ಪ್ರಾಣವನ್ನು ತೆತ್ತು ಅವಳನ್ನು ಮನುಷ್ಯಳನ್ನಾಗಿ ಮಾಡಿದ್ದಳು. ಕನಾಮೆಯ ಕಚ್ಚಿನಿಂದ ಆ ಮುದ್ರೆ ಒಡೆಯುತ್ತದೆ; ಕೂದಲು ನೀಳವಾಗುತ್ತದೆ; ನೆನಪು ಮರಳುತ್ತದೆ; ಜೊತೆಗೆ ದಾಹವೂ ಬರುತ್ತದೆ. ಕೊಡುವವಳಾಗಿದ್ದವಳು ಬೇಡುವವಳಾಗುತ್ತಾಳೆ. ಹಸಿದವನನ್ನು ಕ್ಷಮಿಸುವುದು ಸುಲಭ, ತನ್ನೊಳಗಿನ ಹಸಿವನ್ನು ಕ್ಷಮಿಸುವುದು ಕಷ್ಟ ಎಂಬುದು ಅವಳಿಗೆ ಆಗ ಅರಿವಾಗುತ್ತದೆ. ಖಳನಾಯಕಿ ಶಿಜುಕಾಳಿಗೂ ಲೇಖಕಿ ಅನ್ಯಾಯ ಮಾಡಿಲ್ಲ. ಅವಳು ಒಲಿದವನನ್ನು ಕೊಂದವರು ಝೀರೊನ ತಂದೆತಾಯಿಗಳೇ. ದ್ವೇಷದ ಈ ಸರಪಳಿಯಲ್ಲಿ ಮೊದಲ ಕೊಂಡಿಯನ್ನು ಹುಡುಕಲು ಹೊರಟವನಿಗೆ ಅದು ಸಿಗುವುದಿಲ್ಲ.

ದೋಷಗಳಿಲ್ಲವೆಂದಲ್ಲ. ಎರಡನೆಯ ಭಾಗದ ಕೊನೆಯಲ್ಲಿ ಕಾಳಗಗಳು ಅವಸರವಾಗಿ ಒಂದರ ಮೇಲೊಂದು ಬೀಳುತ್ತವೆ. ಕನಾಮೆ ಯೂಕಿಯ ಅಣ್ಣನೂ ಹೌದು, ವರನೂ ಹೌದು. ಶುದ್ಧರಕ್ತದ ವಂಶಗಳಲ್ಲಿ ಇದು ರೂಢಿಯೆಂದು ಕಥೆ ಹೇಳಿ ಮುಂದೆ ಸಾಗುತ್ತದೆ. ಓದುಗನ ಮನಸ್ಸು ಅಷ್ಟು ಬೇಗ ಮುಂದೆ ಸಾಗಲಾರದು. ಇದಕ್ಕಿಂತ ದೊಡ್ಡ ಕೊರತೆಯೆಂದರೆ, ಯೂಕಿಯ ಬಾಳನ್ನು ಕುರಿತ ಸತ್ಯವನ್ನು ಎಲ್ಲರೂ ಬಲ್ಲರು, ಅವಳೊಬ್ಬಳು ಅರಿಯಳು. ಅವಳ ಹಿತಕ್ಕಾಗಿಯೇ ಮುಚ್ಚಿಟ್ಟೆವೆಂಬ ಮಾತನ್ನು ಕೃತಿ ಬೇಕಾದಷ್ಟು ಪ್ರಶ್ನಿಸುವುದಿಲ್ಲ. ಆದರೂ ಮುಕ್ತಾಯದಲ್ಲಿ ಕೃತಿ ತನ್ನ ಸತ್ತ್ವವನ್ನು ಮತ್ತೆ ಪಡೆಯುತ್ತದೆ. ಮುಂದೆ ಕಂಡರೆ ಕೊಲ್ಲುವೆನೆಂದು ಝೀರೊ ಹೇಳುತ್ತಾನೆ. ಹಾಗಾದರೆ ತಾನು ತಪ್ಪಿಸಿಕೊಂಡೇ ಇರುವೆನೆಂದು ಯೂಕಿ ಹೇಳುತ್ತಾಳೆ. ಅವನ ದ್ವೇಷಕ್ಕೆ ತಾನು ಗುರಿಯಾಗಿರುವಷ್ಟು ಕಾಲ ಅವನು ಬದುಕಿರುವನೆಂಬುದು ಅವಳಿಗೆ ಗೊತ್ತು. ಒಲವನ್ನು ಹಗೆಯ ಮಾತಿನಲ್ಲಿ ಅಡಗಿಸಿ ಕೊಡುವ ಈ ವಿದಾಯ ಹಗುರವಾದ ಮನೋರಂಜನೆಯ ಸೃಷ್ಟಿಯಲ್ಲ.

ಇನ್ನು ಆ ಹುಡುಗಿಯ ಪ್ರಶ್ನೆ. ಜನ್ನನ ಕಾವ್ಯಕ್ಕೂ ಈ ಚಿತ್ರಮಾಲೆಗೂ ಯಾವ ಸಂಬಂಧವೂ ಇಲ್ಲ. 1209ರ ಜೈನಕವಿಯೊಬ್ಬನ ಧರ್ಮದೃಷ್ಟಿ ಹಿನೊ ಅವರಿಗೆ ಬೇಕಾಗಿಯೂ ಇಲ್ಲ. ಹುಂಜಕ್ಕೂ ಗುಳಿಗೆಗೂ ವ್ಯತ್ಯಾಸವುಂಟು: ಯಶೋಧರ ಹಿಟ್ಟಿನ ಹುಂಜವನ್ನು ಕಡಿಯುವಾಗ ಮನಸ್ಸು ನಿಜವಾದ ಬಲಿಯನ್ನೇ ಕೊಟ್ಟಿತ್ತು, ವ್ಯಾಂಪೈರರು ಗುಳಿಗೆ ನುಂಗುವುದು ಬಲಿ ಬೇಡವೆಂಬ ಸಂಕಲ್ಪದಿಂದ. ಒಂದರಲ್ಲಿ ಕೈ ಶುದ್ಧ, ಮನಸ್ಸು ಅಶುದ್ಧ. ಇನ್ನೊಂದರಲ್ಲಿ ದೇಹ ಹಸಿದಿದೆ, ಮನಸ್ಸು ತಡೆಯುತ್ತಿದೆ. ಹೋಲಿಕೆ ಪೂರ್ಣವಲ್ಲ; ಆದರೆ ಈ ವ್ಯತ್ಯಾಸವನ್ನು ಕಾಣಲು ಹೋಲಿಕೆಯೇ ದಾರಿ ತೋರಿಸಿತು. ಮುಂದಿನ ವಾರ ತರಗತಿಯಲ್ಲಿ ಇಷ್ಟನ್ನೂ ಹೇಳಿ, ನಕ್ಕದ್ದು ತಪ್ಪಾಯಿತೆಂದೆ. ಆಕೆ ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದರೆ ಹಸಿವೇ ಪಾಪವಲ್ಲ ಅಲ್ಲವೆ, ಸಾರ್?” ಎಂದಳು. ಈ ಸಲ ತರಗತಿ ನಗಲಿಲ್ಲ. ಗಂಟೆ ಬಾರಿಸಿತು. ಉತ್ತರವನ್ನು ನಾನು ಇನ್ನೂ ಹೇಳಿಲ್ಲ.