‘ಒಂದಕ್ಕ ತಡಿಯಾಕ ಆಗಂಗಿಲ್ಲ’: ಒಂದು ಮಾತು, ಎರಡು ತೊಂದರೆ

ಕೋವಾಡದ ನಮ್ಮ ಮನೆಯ ಹೆಂಗಸರು ‘ಒಂದಕ್ಕ ತಡಿಯಾಕ ಆಗಂಗಿಲ್ಲ’ ಅಂತಾರೆ. ಆ ಒಂದು ಮಾತಿನೊಳಗೆ ಎರಡು ತೊಂದರೆಗಳಿವೆ. ಕೆಮ್ಮಿದಾಗ, ಕೊಡ ಎತ್ತಿದಾಗ ಸೋರುವುದು ಒಂದು. ಅವಸರವಾಗಿ ಬಚ್ಚಲು ಮುಟ್ಟುವ ಮೊದಲೇ ಆಗಿಬಿಡುವುದು ಇನ್ನೊಂದು.

ಮೊದಲನೆಯದಕ್ಕೆ ಮೂತ್ರನಾಳದ ಕೆಳಗೆ ಜಾಲರಿಪಟ್ಟಿ ಕೂಡಿಸುವ ಶಸ್ತ್ರಚಿಕಿತ್ಸೆ 1990ರ ದಶಕದಿಂದ ಇದೆ. ಅದಾದ ಮೇಲೂ ಕೆಲವರಿಗೆ ಸೋರಿಕೆ ಮರಳುತ್ತದೆ. ಆಗ ಮತ್ತೆ ಕೊಯ್ಯಲೇಬೇಕಂತಿಲ್ಲ. ಆ ಜಾಗವನ್ನಷ್ಟೇ ಮರಗಟ್ಟಿಸಿ, ಸಣ್ಣ ದುರ್ಬೀನಿನಲ್ಲಿ ನೋಡುತ್ತ ನಾಳದ ಗೋಡೆಗೆ ಜೆಲ್ ಚುಚ್ಚುತ್ತಾರೆ. ಗೋಡೆ ಉಬ್ಬಿ ದಾರಿ ಬಿಗಿಯಾಗುತ್ತದೆ. ಸಾಮಾನ್ಯವಾಗಿ ಅದೇ ದಿನ ಮನೆಗೆ ಬರಬಹುದು. ಆದರೆ ಪಟ್ಟಿಯಷ್ಟು ಗುಣ ಸಿಗೋದಿಲ್ಲ, ಮತ್ತೆ ಚುಚ್ಚಬೇಕಾಗಬಹುದು.

ಎರಡನೆಯದಕ್ಕೆ ಈ ಜೆಲ್ ಮದ್ದೇ ಅಲ್ಲ. ಅದಕ್ಕೆ ವ್ಯಾಯಾಮ, ಗುಳಿಗೆ, ಮೂತ್ರಕೋಶಕ್ಕೆ ಬೊಟಾಕ್ಸ್. ನಮ್ಮವ್ವ ಡಾಕ್ಟರ ಮುಂದೆ (ಗಂಡಸರು, ಮೇಲಾಗಿ ಮರಾಠಿ ಮಾತು) ಆ ಒಂದು ಮಾತನ್ನೂ ನುಂಗುತ್ತಾಳೆ. ಕೆಮ್ಮಿದಾಗೋ, ಅವಸರಾದಾಗೋ ಅಂತ ಅವರಿಗೆ ಹೆಂಗ ತಿಳೀಬೇಕು?